ಮರ್ಗಲೀತ್ತ ಆಶಾಟ್ಟಿಯ ಕೈಬರಹ

"ಆ ಮಗೂನ ಕೈ ಬಿಡ್ತೀಯೋ, ಇಲ್ಲ ಮುರಿದು ಕೈಗೆ ಕೊಡ್ತೀಯೋ?"

ಹಿತ್ತಿಲ ಬಾಗಿಲಲ್ಲಿ ಮತ್ತಿ ಮೀನು ಹೆಚ್ಚುತ್ತ ಕೂತಿದ್ದ ಮರ್ಗಲೀತ್ತ ಆಶಾಟ್ಟಿ ತಲೆ ಎತ್ತದೆಯೇ ಕೇಳಿದಳು.

ಒಳಗೆ ಊಟದ ಮೇಜಿನ ಮೇಲೆ ನಾಲ್ಕು ಗೆರೆಯ ಕಾಪಿ ಪುಸ್ತಕ ಬಿಚ್ಚಿಕೊಂಡಿತ್ತು. ಸೊಸೆ ಜೋಸ್ಮಿ ಮಗಳ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು ಪೆನ್ಸಿಲ್ಲನ್ನು ಗೆರೆಯಿಂದ ಗೆರೆಗೆ ಎಳೆಸುತ್ತಿದ್ದಳು. ನಾಲ್ಕೂವರೆ ವರ್ಷದ ಅನ್ಲಿಯಾಳ ಕಣ್ಣೀರು, ಮೂಗಿನ ನೀರು ಎರಡೂ ಸೇರಿ ಇಂಗ್ಲಿಷಿನ ಸಣ್ಣ 'ಜಿ' ಅಕ್ಷರದ ಬಾಲದ ಮೇಲೆ ಬಿದ್ದು ಕಾಗದ ಊದಿಕೊಂಡಿತ್ತು.

"ನಾಳೆ ಒಂದು ಪುಟ ತೋರಿಸಬೇಕು ಅಮ್ಮಚ್ಚಿ. ಟೀಚರ್ ಮಗಳೇ ಬರೀದಿದ್ರೆ ಬೇರೆ ಮಕ್ಕಳಿಗೆ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಮುಖ ನಿಂದು. ಬೆರಳು ಅವಳದ್ದು. ಅದಿನ್ನೂ ಹಣ್ಣಾಗಿಲ್ಲ."

"ಹಣ್ಣಾಗೋಕೆ ಅದೇನು ಬಾಳೆಗೊನೆನಾ?"

"ಬಾಳೆಗೊನೆಗಾದ್ರೂ ನೀವು ಕಾಯ್ತೀರಿ."

ಅಷ್ಟರಲ್ಲಿ ಲಾಸರ್ ಬಂದ. ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸ. ಸಂಜೆ ಮನೆಗೆ ಬಂದರೆ ಅವನ ಕೈಬೆರಳುಗಳು ನೆನೆದ ಕಡಲೆಯ ಹಾಗೆ ಸುಕ್ಕುಗಟ್ಟಿರುತ್ತಿದ್ದವು. ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ. "ಇಬ್ಬರು ಟೀಚರ್ ಇರೋ ಮನೆ. ಒಂದು ಲೋಟ ಚಾ ಬೇಕಾದ್ರೂ ಅರ್ಜಿ ಬರೆದು ಕೊಡಬೇಕೇನೋ," ಎಂದ. ಯಾರೂ ನಗಲಿಲ್ಲ. ತಾನೇ ಹೋಗಿ ಸ್ಟವ್ ಹಚ್ಚಿದ.

ಈ ಜಗಳ ಹೊಸದಲ್ಲ. ಆಲಪ್ಪುಳದ ಆ ಕಡಲ ದಂಡೆಯಲ್ಲಿ ಮಕ್ಕಳಿಗೆ ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ಬರೆಸುವವನು ಆಶಾನ್, ಬರೆಸುವವಳು ಆಶಾಟ್ಟಿ. ಬರೆಸುವ ಜಾಗಕ್ಕೆ ಕಳರಿ ಎನ್ನುತ್ತಾರೆ. ಮರ್ಗಲೀತ್ತಳ ಅಪ್ಪ ಪೈಲಿ ಆಶಾನ್ ತೀರಿಕೊಂಡಾಗ ಅವಳಿಗೆ ಇಪ್ಪತ್ತೆರಡು ವರ್ಷ. ಅಪ್ಪನ ಕಾಲದ ತಾಳೆಗರಿ, ಅದರ ಮೇಲೆ ಕೊರೆಯುವ ಕಬ್ಬಿಣದ ಕಂಟ ಎಲ್ಲ ಅಪ್ಪನ ಜೊತೆಗೇ ಹೋದವು. ಮರಳು ಮಾತ್ರ ಉಳಿಯಿತು. ಅವತ್ತಿನಿಂದ ನಲವತ್ತಾರು ವರ್ಷ, ಮನೆಯ ಪಕ್ಕದ ತೆಂಗಿನ ಗರಿಯ ಚಪ್ಪರದಲ್ಲಿ, ಬೆಳಿಗ್ಗೆ ಏಳಕ್ಕೆ ಮಕ್ಕಳು ಸಾಲಾಗಿ ಕೂರುತ್ತಿದ್ದವು. ಒಂದೊಂದು ಮಗುವಿನ ಮುಂದೆ ಒಂದೊಂದು ಗುಡ್ಡೆ ಮರಳು. ಸಕ್ಕರೆಯಷ್ಟೇ ಬಿಳುಪಾದ್ದರಿಂದ ಅದಕ್ಕೆ ಸಕ್ಕರೆಮರಳು ಎಂದೇ ಹೆಸರು. ಇಗರ್ಜಿಗೆ ಹೋಗುವ ಮನೆಯ ಮಕ್ಕಳು, ದೇವಸ್ಥಾನಕ್ಕೆ ಹೋಗುವ ಮನೆಯವು, ಮಸೀದಿಗೆ ಹೋಗುವ ಮನೆಯವು, ಎಲ್ಲವೂ ಮೊದಲು ಬರೆಯುವುದು ಹರಿಗೂ ಗಣಪತಿಗೂ ಕೈಮುಗಿಯುವ ಹರಿಶ್ರೀ. ಹಿಂದೊಮ್ಮೆ ಹೊಸದಾಗಿ ಬಂದ ಪಾದ್ರಿಯೊಬ್ಬರು, "ಮರ್ಗಲೀತ್ತಾ, ನಮ್ಮ ಮಕ್ಕಳಿಗಾದರೂ ಅದನ್ನ ಬದಲಾಯಿಸಬಾರದಾ?" ಎಂದಿದ್ದರು. "ನಮ್ಮಪ್ಪ ಬರೆಸಿದ್ದು ಫಾದರ್. ಅಕ್ಷರಕ್ಕೆ ಜ್ಞಾನಸ್ನಾನ ಆಗಬೇಕು ಅಂದ್ರೆ ನೀರು ತಗೊಂಡು ನೀವೇ ಬನ್ನಿ," ಎಂದಿದ್ದಳು. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಹಾಗಂತ ಅವಳೇನು ದೇವತೆಯಲ್ಲ. ಬೆರಳು ತಪ್ಪುದಾರಿ ಹಿಡಿದರೆ, ತನ್ನ ಎರಡು ಬೆರಳ ನಡುವೆ ಚಿಟಿಕೆ ಮರಳಿಟ್ಟುಕೊಂಡು ಮಗುವಿನ ತೊಡೆ ಚಿವುಟುತ್ತಿದ್ದಳು. ಮರಳು ಸೇರಿಸಿ ಚಿವುಟಿದರೆ ಉರಿ ಹೇಗಿರುತ್ತದೆ ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಮೀನು ವ್ಯಾಪಾರದ ದೊಡ್ಡ ದೊಡ್ಡ ಗಂಡಸರೂ ಅವಳನ್ನು ಕಂಡರೆ ಮುಂಡು ಸರಿಮಾಡಿಕೊಳ್ಳುವುದು ಸುಮ್ಮನೆ ಅಲ್ಲ.

ಜೋಸ್ಮಿ ಇಡುಕ್ಕಿಯ ಗುಡ್ಡದ ಕಡೆಯವಳು. ಅಲ್ಲಿ ಸಿಸ್ಟರ್‌ಗಳ ಶಾಲೆಯಲ್ಲಿ ಸ್ಲೇಟು ಹಿಡಿದು ಕಲಿತವಳು. ಮದುವೆಯಾಗಿ ಬಂದು, ಪೇಟೆಯ ಇಂಗ್ಲಿಷ್ ನರ್ಸರಿಯಲ್ಲಿ ಎಲ್‌ಕೆಜಿ ಟೀಚರಾದಳು. ಅನ್ಲಿಯಾ ಹುಟ್ಟಿದಾಗಲೇ ಗಂಡನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ನನ್ನ ಮಗಳು ಆ ಮರಳಲ್ಲಿ ಕೂರೋಲ್ಲ, ಚಿವುಟಿಸ್ಕೊಳ್ಳೋಲ್ಲ." ಆಶಾಟ್ಟಿ ಆ ಮಾತನ್ನು ಕೇಳಿಸಿಕೊಂಡಿದ್ದಳು. ಊರ ಮಕ್ಕಳೆಲ್ಲ ಬರುತ್ತಿದ್ದ ಚಪ್ಪರಕ್ಕೆ ಸ್ವಂತ ಮೊಮ್ಮಗಳು ಮಾತ್ರ ಬರುತ್ತಿರಲಿಲ್ಲ.

ಅತ್ತೆಯ ಒಂದು ಗುಟ್ಟೂ ಜೋಸ್ಮಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ರೇಷನ್ ಕಾರ್ಡಿನ ಅರ್ಜಿ ತುಂಬಬೇಕಾಗಿ ಬಂದಾಗ ಲಾಸರ್ ಮನೆಯಲ್ಲಿರಲಿಲ್ಲ. ಆಶಾಟ್ಟಿ ಪೆನ್ನು ಹಿಡಿದು ಬಹಳ ಹೊತ್ತು ಹಿಂದೆ ಮುಂದೆ ನೋಡಿ ಆಮೇಲೆ ಬರೆದಳು. ಹೆಸರು ಗೆರೆ ಬಿಟ್ಟು ಹೋಗಿತ್ತು. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ಜೋಸ್ಮಿ ಬಾಯಿ ಬಿಡುವ ಮೊದಲೇ ಆಶಾಟ್ಟಿ ಕಾಗದ ಮಡಚಿ, "ನೀನೇ ಬೇರೆ ಬರಿ," ಎಂದು ಎದ್ದು ಹೋಗಿದ್ದಳು.

*

ಆ ವರ್ಷದ ಕ್ರಿಸ್ಮಸ್ ನಕ್ಷತ್ರ ಜಗುಲಿಯಲ್ಲಿ ಇನ್ನೂ ನೇತಾಡುತ್ತಿತ್ತು. ಜನವರಿಯೆಂದರೆ ನರ್ಸರಿಯಲ್ಲಿ ಮುಂದಿನ ಜೂನಿಗೆ ಮಕ್ಕಳನ್ನು ಹಿಡಿಯುವ ಕಾಲ. ನರ್ಸರಿಯ ಒಡತಿ ಮೆರ್ಲಿನ್ ಮೇಡಂ ಸ್ಟಾಫ್ ರೂಮಿಗೆ ಬಂದು ಕೂತು ಉಸ್ಸೆಂದರು.

"ಕಡಲ ಕಡೆಯಿಂದ ಹತ್ತು ಮಕ್ಕಳೂ ಇಲ್ಲ. ಎಲ್ಲಾ ಹೋಗಿ ಆ ಮರಳಲ್ಲಿ ಕೂರ್ತಾವೆ. ಜೋಸ್ಮಿ, ನಮಗೆ ಪೈಪೋಟಿ ಅಂದ್ರೆ ನಿಮ್ಮ ಅತ್ತೇನೇ."

ಬೇರೆ ಟೀಚರುಗಳು ನಕ್ಕರು. ಹಿಂದಿನ ಸಂಜೆಯ ಬಾಳೆಗೊನೆಯ ಮಾತನ್ನು ಜೋಸ್ಮಿ ಇನ್ನೂ ಮರೆತಿರಲಿಲ್ಲ. ಒಂದು ಸಲ ತಾನೂ ನಗಿಸೋಣ ಎನ್ನಿಸಿತು.

"ಪೈಪೋಟಿಯಾ! ನಮ್ಮ ಆಶಾಟ್ಟಿಗೆ ಕಾಗದದ ಮೇಲೆ ನಾಲ್ಕಕ್ಷರ ಬರಿಯೋಕೆ ಬರಲ್ಲ ಮೇಡಂ. ರೇಷನ್ ಕಾರ್ಡಿನ ಅರ್ಜಿ ನೀವು ನೋಡಬೇಕಿತ್ತು. ಕಾಗೆ ಕಾಲು ಗುಬ್ಬಿ ಕಾಲು! ಅವರು ಊರಿಗೆಲ್ಲ ಬರಿಯೋದು ಕಲಿಸ್ತಾರೆ."

ರೂಮು ಗೊಳ್ಳೆಂದಿತು. ಮೆರ್ಲಿನ್ ಮೇಡಂ ಕೂಡ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು. "ನಿಜವಾಗ್ಲೂ?"

"ದೇವರಾಣೆ," ಎಂದಳು ಜೋಸ್ಮಿ.

ಬಸ್ಸಿನಲ್ಲಿ ಬರುವಾಗ ಬಾಯಿ ಯಾಕೋ ಕಹಿಯಾಯಿತು. ಮನೆಗೆ ಬಂದು ಮರಗೆಣಸು ಬೇಯಿಸುವ ಗಡಿಬಿಡಿಯಲ್ಲಿ ಅದನ್ನು ಮರೆತಳು.

*

ಎರಡು ವಾರ ಕಳೆದು ಪಂಚಾಯತಿಯ ಕಾಗದ ಬಂತು. ಸಂಜೆ ಎಲ್ಲರೂ ಗಂಜಿಗೆ ಕೂತಿದ್ದರು. ಉಪ್ಪಾಗೆ ಹುಳಿ ಹಾಕಿದ ಮೀನಿನ ಸಾರು, ಸುಟ್ಟ ಹಪ್ಪಳ, ಪಲ್ಯ. ಆಶಾಟ್ಟಿ ಕನ್ನಡಕ ಹಾಕಿಕೊಂಡು ತಾನೇ ಓದಿದಳು. ಓದುವುದರಲ್ಲಿ ಅವಳಿಗೆ ತೊಡಕಿರಲಿಲ್ಲ.

"'ಸದರಿ ಮಹಿಳೆಯು ಎಳೆಯ ಮಕ್ಕಳನ್ನು ಮರಳಿನಿಂದ ಚಿವುಟಿ ಹಿಂಸಿಸುತ್ತಾರೆಂದೂ, ಅವರಿಗೆ ಕಾಗದದ ಮೇಲೆ ನಾಲ್ಕಕ್ಷರ ಬರೆಯಲು ಬಾರದೆಂದೂ, ಆದ್ದರಿಂದ ಪಂಚಾಯತಿಯ ಗೌರವಧನ ನಿಲ್ಲಿಸಿ ಕಳರಿಯನ್ನು ಮುಚ್ಚಿಸಬೇಕೆಂದೂ ದೂರು ಬಂದಿರುತ್ತದೆ. ಫೆಬ್ರವರಿ ಆರರಂದು ಹಾಜರಾಗಿ, ಸೆಕ್ರೆಟರಿಯವರ ಸಮಕ್ಷಮ ಬರೆದು ತೋರಿಸತಕ್ಕದ್ದು.'"

ಜೋಸ್ಮಿಯ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಗೇ ಬಿತ್ತು.

"ಯಾವ ನಾಯಿ ಬರೆದಿದ್ದು ಇದನ್ನ?" ಲಾಸರ್ ಗುಡುಗಿದ.

ಆಶಾಟ್ಟಿ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. "ಬರೆದವರು ಯಾರಾದ್ರೂ ಆಗ್ಲಿ ಲಾಸರೇ. ಕಾಗದದ ಮೇಲೆ ನಂಗೆ ಬರಲ್ಲ ಅನ್ನೋದು ಊರಿಗೆ ಗೊತ್ತಿಲ್ಲ. ಈ ಮನೆಗೆ ಗೊತ್ತು."

ಲಾಸರ್ ಹೆಂಡತಿಯ ಕಡೆ ತಿರುಗಿದ. ಜೋಸ್ಮಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ತಮಾಷೆಗೆ ಅಂದೆ ಅಮ್ಮಚ್ಚಿ. ಸ್ಟಾಫ್ ರೂಮಲ್ಲಿ. ಇಷ್ಟಕ್ಕೆ ಬರುತ್ತೆ ಅಂತ ಖಂಡಿತ ಗೊತ್ತಿರಲಿಲ್ಲ."

"ತಮಾಷೆ," ಎಂದಳು ಆಶಾಟ್ಟಿ. ತಟ್ಟೆಯಲ್ಲಿದ್ದ ಗಂಜಿಯನ್ನು ಒಂದು ಅಗುಳೂ ಬಿಡದೆ ತಿಂದು ಮುಗಿಸಿದಳು. ಅನ್ನ ಬಿಟ್ಟು ಏಳುವ ಜಾತಿಯಲ್ಲ ಅವಳು. ತಟ್ಟೆ ತೊಳೆದು ಕವುಚಿ ಹಾಕಿದ ಮೇಲೆ ಹೇಳಿದಳು. "ನಾಳೆಯಿಂದ ನನ್ನ ಗಂಜಿ ನಾನು ಬೇಯಿಸ್ಕೊಳ್ತೀನಿ."

ಬೇಯಿಸಿಕೊಂಡಳು ಕೂಡ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ತೆಂಗಿನ ಸಿಪ್ಪೆ ಉರಿಸಿ, ಅಂಗೈಯಗಲದ ಮಡಕೆಯಲ್ಲಿ. ಒಳಗೆ ಗ್ಯಾಸಿನ ಮೇಲೆ ಜೋಸ್ಮಿಯ ಅನ್ನ, ಹೊರಗೆ ಹೊಗೆಯಲ್ಲಿ ಅತ್ತೆಯ ಗಂಜಿ. ನಡುವೆ ಅನ್ಲಿಯಾ ಎರಡೂ ಕಡೆ ತಿಂದು ಹೊಟ್ಟೆ ಉಬ್ಬಿಸಿಕೊಂಡು ಓಡಾಡುತ್ತಿದ್ದಳು. "ಚೇಟ್ಟಾ, ನೀವಾದ್ರೂ ಒಂದು ಮಾತು ಹೇಳಬಾರದಾ?" ಎಂದು ಜೋಸ್ಮಿ ಗಂಡನನ್ನು ಕೇಳಿದಳು. "ಮಾತು ಆಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು," ಎಂದು ಅವನು ಅಂಗಿ ಕೊಡವಿ ಹೊರಟ.

ಸುದ್ದಿ ಹಬ್ಬಿತು. ಕಳರಿಯ ಹನ್ನೊಂದು ಮಕ್ಕಳು ಒಂಬತ್ತಾದವು, ಒಂಬತ್ತು ಆರಾದವು. ಆಶಾಟ್ಟಿ ಮಾತ್ರ ದಿನಾ ಬೆಳಿಗ್ಗೆ ಮರಳು ಜರಡಿ ಹಿಡಿದು ಹನ್ನೊಂದು ಗುಡ್ಡೆ ಸುರಿಯುತ್ತಿದ್ದಳು.

"ಆರು ಮಕ್ಕಳಿಗೆ ಹನ್ನೊಂದು ಗುಡ್ಡೆ ಯಾಕಮ್ಮಚ್ಚಿ?" ಲಾಸರ್ ಕೇಳಿದ.

"ಬಂದರೆ?"

"ಬರಲಿಲ್ಲ ಅಂದ್ರೆ?"

"ಮರಳೇನು ಹಳಸಲ್ಲ."

*

ಶನಿವಾರ ನರ್ಸರಿಗೆ ರಜೆ. ಜೋಸ್ಮಿ ಪುಟ್ಟು ಬೇಯಿಸಿ, ಕಡಲೆ ಸಾರು ಇಳಿಸಿ ಕರೆದರೆ ಮಗಳಿಲ್ಲ. ಮಂಚದ ಕೆಳಗಿಲ್ಲ, ಬಾವಿಕಟ್ಟೆಯ ಹತ್ತಿರ ಇಲ್ಲ. ಪಕ್ಕದ ಚಪ್ಪರದಿಂದ ರಾಗ ಕೇಳಿಸುತ್ತಿತ್ತು. ಆರು ಮಕ್ಕಳ ರಾಗದಲ್ಲಿ ಏಳನೆಯ ಗಂಟಲು ಯಾವುದೆಂದು ತಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೆರಗಿಗೆ ಕೈ ಒರೆಸುತ್ತ ನುಗ್ಗಿದವಳು ಬಾಗಿಲಲ್ಲಿ ನಿಂತಳು. ಆಶಾಟ್ಟಿ ಯಾವಾಗಲೂ ಬಾಗಿಲಿಗೆ ಬೆನ್ನು ಮಾಡಿ, ಮಕ್ಕಳಿಗೆ ಎದುರಾಗಿ ಕೂರುವುದು. ದೊಡ್ಡವರು ಯಾರು ಬಂದರೂ ಅವಳ ಬೆನ್ನ ಹಿಂದೆಯೇ ನಿಂತು ಮಾತಾಡಿಸಿ ಹೋಗುತ್ತಿದ್ದರು. ಜೋಸ್ಮಿಯೂ ಐದಾರು ವರ್ಷದಿಂದ ಅಲ್ಲೇ ನಿಂತು ನೋಡಿದ್ದಳು. ಅತ್ತೆಯ ಭುಜದ ಮೇಲಿಂದ ಕಾಣುವ ಮರಳಿನಲ್ಲಿ ಏನೋ ಗೀಚು, ಏನೋ ಸುರುಳಿ. ಅಕ್ಷರ ಅನ್ನುವ ಹಾಗೆ ಏನೂ ಕಂಡಿರಲಿಲ್ಲ.

ಖಾಲಿ ಇದ್ದ ಐದು ಗುಡ್ಡೆಗಳಲ್ಲಿ ಒಂದರ ಮುಂದೆ ಅನ್ಲಿಯಾ ಕೂತಿದ್ದಳು. ಪೆನ್ಸಿಲ್ ಕಂಡರೆ ಅಳುವ ಹುಡುಗಿ ತೋರುಬೆರಳು ಚಾಚಿ, ತುಟಿ ಕಚ್ಚಿ, ಮರಳಿನೊಳಗೆ ಮುಳುಗಿದ್ದಳು.

"ಏಳು ಮೋಳೆ, ಏಳು ಮಗಳೇ. ತಿಂಡಿ ಆರ್ತಿದೆ."

ಮಗಳು ತಲೆ ಎತ್ತಲಿಲ್ಲ.

"ಅವಳನ್ನ ನಾನು ಕರೀಲಿಲ್ಲ," ಎಂದಳು ಆಶಾಟ್ಟಿ, ತಿರುಗದೆಯೇ. "ತಾನೇ ಬಂದು ಕೂತ್ಲು. ಬೇಕಾದ್ರೆ ಎತ್ಕೊಂಡು ಹೋಗು. ಅತ್ತರೆ ಬೆನ್ನು ಸವರೋಳು ನೀನೇ."

ಎತ್ತಿಕೊಳ್ಳಲೆಂದೇ ಜೋಸ್ಮಿ ಸುತ್ತಿ ಬಳಸಿ ಮಕ್ಕಳ ಸಾಲಿನ ಹಿಂದೆ ಹೋಗಿ ಮಗಳ ಪಕ್ಕ ಬಗ್ಗಿದಳು. ಆಗ ಮೊದಲ ಸಲ ಮರಳನ್ನು ಈಚೆ ಕಡೆಯಿಂದ ನೋಡಿದಳು. ಬಗ್ಗಿದವಳು ಹಾಗೆಯೇ ಕುಕ್ಕರಿಸಿದಳು.

ಆಶಾಟ್ಟಿ ಪಕ್ಕದ ಮಗು ಫಿದಾಳ ಗುಡ್ಡೆಯನ್ನು ಅಂಗೈಯಿಂದ ನೇವರಿಸಿ ಸಮ ಮಾಡಿದಳು. ಬೆರಳಿಟ್ಟಳು. ಬರೆದಳು. ಅಕ್ಷರ ಹುಟ್ಟಿದ್ದು ಫಿದಾಳ ಕಡೆಗೆ. ತಲೆ ಆಶಾಟ್ಟಿಯ ಕಡೆ, ಕಾಲು ಮಗುವಿನ ಕಡೆ, ಸುತ್ತು ಸುತ್ತಾಗಿ, ಎಲ್ಲೂ ತಡವರಿಸದೆ. ಆಶಾಟ್ಟಿಗೆ ಅದು ತಲೆಕೆಳಗು, ಮಗುವಿಗೆ ನೆಟ್ಟಗೆ. ಒಂದಾದ ಮೇಲೊಂದು ಬರೆದಳು, ಮುತ್ತು ಪೋಣಿಸಿದ ಹಾಗೆ. ಜೋಸ್ಮಿಯ ಸಿಸ್ಟರ್‌ಗಳೂ ಬೋರ್ಡಿನ ಮೇಲೆ ಅಷ್ಟು ದುಂಡಗೆ ಬರೆದದ್ದಿಲ್ಲ.

"ಅಮ್ಮಚ್ಚಿ... ನೀವು ತಿರುಗಾಮುರುಗಾ ಬರೀತೀರಾ?"

"ಎದುರಿಗೆ ಕೂತ ಮಗೂಗೆ ಮತ್ತೆ ಹೇಗೆ ಬರೀಬೇಕು? ಅದರ ತಲೆ ತಿರುಗಿಸ್ಲಾ?"

"ಯಾವಾಗಿಂದ?"

"ಅಪ್ಪ ಸತ್ತ ನಾಲ್ಕನೇ ದಿನದಿಂದ. ನನ್ನ ಕಡೆಗೆ ಅಂತ ಬರ್ಕೊಳ್ಳೋಕೆ ನಂಗೆ ಏನಿತ್ತು? ಕಾಗದ ಬರೆಯೋ ಗಂಡ ದೂರದಲ್ಲಿದ್ನಾ?"

ಕಾಗೆ ಕಾಲು ಗುಬ್ಬಿ ಕಾಲು ಎಂದು ತಾನಂದ ಮಾತು ಈಗ ಜೋಸ್ಮಿಯ ಕಪಾಳಕ್ಕೇ ಬಂದು ಬಾರಿಸಿತು.

ಅಷ್ಟರಲ್ಲಿ ಫಿದಾಳ ಬೆರಳು ಸುತ್ತು ತಪ್ಪಿತು. ಆಶಾಟ್ಟಿಯ ಕೈ ಚಿಟಿಕೆ ಮರಳೆತ್ತಿ ಮಗುವಿನ ತೊಡೆಯ ಕಡೆ ಹೋಯಿತು. ಜೋಸ್ಮಿ ಆ ಕೈಯನ್ನು ಗಬಕ್ಕನೆ ಹಿಡಿದಳು.

"ನಾನು ಮಾಡಿದ್ದು ತಪ್ಪು ಅಮ್ಮಚ್ಚಿ. ಕಾಲು ಹಿಡೀತೀನಿ. ಆದ್ರೆ ಇದೂ ತಪ್ಪೇ."

"ಕೈ ಬಿಡು."

"ಬಿಡಲ್ಲ."

"ನಲವತ್ತಾರು ವರ್ಷ ಹೀಗೇ ಕಲಿಸಿದ್ದೀನಿ!"

"ನಲವತ್ತಾರು ವರ್ಷ ಹೀಗೇ ನೋಯಿಸಿದ್ದೀರಿ. ದೂರಿನಲ್ಲಿ ಅದೊಂದು ಮಾತು ನಿಜ. ಅದು ನನ್ನ ಬಾಯಿಂದ ಹೋಗಿದ್ದಲ್ಲ, ಆದ್ರೂ ನಿಜ."

ಮಕ್ಕಳು ರಾಗ ನಿಲ್ಲಿಸಿ ಬಾಯಿ ತೆರೆದು ನೋಡುತ್ತಿದ್ದವು. ಆಶಾಟ್ಟಿಯ ಕೈ ಹಿಡಿದವರನ್ನು ಅವು ಕಂಡೇ ಇರಲಿಲ್ಲ. ಆಶಾಟ್ಟಿಯ ಬೆರಳ ನಡುವಿನ ಮರಳು ತಾನಾಗಿ ಉದುರಿತು. ಅನ್ಲಿಯಾ ಅಕ್ಷರ ಮುಗಿಸಿ, "ಅಮ್ಮಾಮ್ಮಾ, ನೋಡು!" ಎಂದು ಅಜ್ಜಿಯನ್ನು ಕರೆದಳು.

ಮಧ್ಯಾಹ್ನ ಲಾಸರನಿಗೆ ಹೇಳಿದರೆ ಅವನಿಗೆ ಆಶ್ಚರ್ಯವೇ ಇಲ್ಲ. "ತಲೆಕೆಳಗೆ ಬರೀತಾಳೆ, ಅದಕ್ಕೇನೀಗ? ಎಲ್ಲಾ ಆಶಾನ್‌ಗಳೂ ಹಾಗೇ ಅಲ್ವಾ?"

"ಒಂದು ದಿನ ನಂಗೆ ಹೇಳಬಾರದಿತ್ತಾ?"

"ಸಮುದ್ರದ ನೀರು ಉಪ್ಪು ಅಂತ ಯಾವತ್ತಾದ್ರೂ ಹೇಳಿದ್ದೀನಾ?"

*

ಸೋಮವಾರ ಮೆರ್ಲಿನ್ ಮೇಡಂ ಜೋಸ್ಮಿಯನ್ನು ಆಫೀಸಿಗೆ ಕರೆದು ಕೂರಿಸಿ, ಜ್ಯೂಸ್ ತರಿಸಿ, ಒಂದು ಹಾಳೆ ಮುಂದಿಟ್ಟರು. ಅತ್ತೆಗೆ ಬರೆಯಲು ಬಾರದೆಂಬುದನ್ನು ಕಣ್ಣಾರೆ ಕಂಡ ಸಾಕ್ಷಿಯಾಗಿ ಸಹಿ ಹಾಕಬೇಕು.

"ನೀವೇ ಹೇಳಿದ್ದಲ್ವಾ? ದೇವರಾಣೆ ಬೇರೆ ಹಾಕಿದ್ರಿ."

"ಹಾಕಿದ್ದೆ. ಗೊತ್ತಿಲ್ಲದೆ ಬೊಗಳಿದ್ದೆ ಮೇಡಂ."

"ಜೂನಿಂದ ನಿಮ್ಮನ್ನ ಯುಕೆಜಿಗೆ ಹಾಕೋಣ ಅಂತಿದ್ದೆ. ಮಗಳ ಸೀಟೂ ಹೀಗೇ ಫ್ರೀ ಮುಂದುವರಿಯುತ್ತೆ. ಆ ಮುದುಕಿಗೋಸ್ಕರ..."

"ಆ ಮುದುಕಿ ಮೂರು ವರ್ಷದ ಮಗೂನ ಎದುರಿಗೆ ಕೂರಿಸ್ಕೊಂಡು ಅದರ ಕಡೆಗೆ ಬರೀತಾಳೆ. ನಾವು ಮೂವತ್ತು ಮಕ್ಕಳಿಗೆ ಬೆನ್ನು ತೋರಿಸಿ ಬೋರ್ಡಲ್ಲಿ ಬರೆದು, ಬರೀರಿ ಬರೀರಿ ಅಂತ ಕಿರುಚ್ತೀವಿ." ಜೋಸ್ಮಿ ಹಾಳೆಯನ್ನು ಹಿಂದಕ್ಕೆ ತಳ್ಳಿದಳು. "ಸಹಿ ಹಾಕಲ್ಲ."

"ಹಾಗಾದ್ರೆ ನಾಳೆಯಿಂದ ಬರೋದೂ ಬೇಡ."

"ಜ್ಯೂಸ್ ಕುಡಿದಿಲ್ಲ ಮೇಡಂ. ನೀವೇ ಕುಡೀರಿ."

ಮನೆಗೆ ಬಂದು ಬ್ಯಾಗನ್ನು ಮೊಳೆಗೆ ಹಾಕಿ, "ಕೆಲಸ ಬಿಟ್ಟು ಬಂದೆ," ಎಂದಳು. ಲಾಸರ್ ಹಣೆ ಚಚ್ಚಿಕೊಂಡ. "ಮೊದಲು ಬಾಯಿ ಬಿಟ್ಟು ಅಮ್ಮಚ್ಚಿದು ಕಳೆದೆ. ಈಗ ಬಾಯಿ ಬಿಟ್ಟು ನಿಂದೂ ಕಳ್ಕೊಂಡೆ. ಇನ್ನು ನನ್ನ ಫ್ಯಾಕ್ಟರಿಗೆ ಯಾವತ್ತು ಬರ್ತೀಯ?"

ಹಿತ್ತಿಲಲ್ಲಿ ಹೊಗೆ ಎದ್ದಿರಲಿಲ್ಲ. ಮೂರು ಕಲ್ಲುಗಳ ನಡುವೆ ಬೂದಿ ತಣ್ಣಗಿತ್ತು. ಆಶಾಟ್ಟಿ ಒಳಗೆ ಗ್ಯಾಸಿನ ಮುಂದೆ ನಿಂತು ಮೀನು ಹುರಿಯುತ್ತಿದ್ದಳು. ಸಂಜೆ ಊಟಕ್ಕೆ ಕೂತಾಗ ದೊಡ್ಡ ತುಂಡನ್ನು ತೆಗೆದು ಜೋಸ್ಮಿಯ ತಟ್ಟೆಗೆ ಹಾಕಿದಳು. ಲಾಸರ್ ತನ್ನ ತಟ್ಟೆ ಮುಂದೆ ಚಾಚಿದರೆ ಬಾಲದ ತುಂಡು ಬಿತ್ತು.

"ಚಿವುಟೋದು ಬಿಟ್ಟೆ," ಎಂದಳು ಆಶಾಟ್ಟಿ, ಯಾರ ಮುಖವನ್ನೂ ನೋಡದೆ. "ನೀನು ಕೈ ಹಿಡಿದೆ ಅಂತಲ್ಲ. ಆ ಫಿದಾ ಅವತ್ತಿಂದ ನನ್ನ ಮುಖ ನೋಡ್ತಾಳೆ, ಮರಳು ನೋಡಲ್ಲ. ನನ್ನ ಮುಖದಲ್ಲಿ ಅಕ್ಷರ ಬರೆದಿದೆಯಾ?"

"ಇಲ್ಲ ಅಮ್ಮಚ್ಚಿ."

"ತಿನ್ನು. ಮುಳ್ಳು ನೋಡ್ಕೋ."

ಇನ್ನು ಉಳಿದದ್ದು ಮೂರು ದಿನ. ಜೋಸ್ಮಿಗೆ ಒಂದೇ ಚಿಂತೆ: ಸೆಕ್ರೆಟರಿ ಕಾಗದ ಕೊಟ್ಟರೆ ಏನು ಗತಿ? ಎರಡು ಸಂಜೆ ಅತ್ತೆಯನ್ನು ಊಟದ ಮೇಜಿಗೆ ಕೂರಿಸಿ, ನಾಲ್ಕು ಗೆರೆಯ ಪುಸ್ತಕ ತೆರೆದು, ನೆಟ್ಟಗೆ ಬರೆಯುವುದನ್ನು ಅಭ್ಯಾಸ ಮಾಡಿಸಿದಳು. ಆಶಾಟ್ಟಿ ನಾಲಿಗೆಯ ತುದಿ ಹೊರಹಾಕಿ ಬೆವರಿದಳು. ಅಕ್ಷರಗಳು ಗೆರೆ ದಾಟಿ, ಒಂದನ್ನೊಂದು ತುಳಿದು, ಕಾಗದ ಹರಿದು, ಪೆನ್ಸಿಲ್ಲಿನ ಮೊನೆ ಮುರಿಯಿತು.

ಅನ್ಲಿಯಾ ಮೇಜಿಗೆ ಗದ್ದ ಊರಿ ನೋಡುತ್ತಿದ್ದವಳು ಹೇಳಿದಳು. "ಅಮ್ಮಾಮ್ಮಾ, ನಿನ್ನ ಬೆರಳೂ ಹಣ್ಣಾಗಿಲ್ಲ."

ಲಾಸರ್ ಚಾ ಉಗುಳುವಷ್ಟು ನಕ್ಕ. ಆಶಾಟ್ಟಿ ಕೂಡ ನಕ್ಕಳು, ಎಷ್ಟೋ ವಾರದ ಮೇಲೆ. ಆಮೇಲೆ ಪುಸ್ತಕ ಮುಚ್ಚಿದಳು.

"ಸಾಕು ಮೋಳೆ. ಅರವತ್ತೆಂಟಕ್ಕೆ ನಾನು ಯಾರಿಗೋಸ್ಕರವೂ ಎಲ್‌ಕೆಜಿಗೆ ಹೋಗಲ್ಲ."

"ಮುಚ್ಚಿಸಿಬಿಟ್ರೆ ಅಮ್ಮಚ್ಚಿ?"

"ಚಪ್ಪರ ಅವರದ್ದಾ? ಮರಳು ಅವರದ್ದಾ?"

*

ಆರನೇ ತಾರೀಕು ಜೋಸ್ಮಿ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಸಕ್ಕರೆಮರಳು ತುಂಬಿಕೊಂಡು ಅತ್ತೆಯ ಜೊತೆ ಹೊರಟಳು. ಪಂಚಾಯತಿಯ ಆಫೀಸಿನಲ್ಲಿ ಮೆರ್ಲಿನ್ ಮೇಡಂ ಮೊದಲೇ ಬಂದು ಫ್ಯಾನಿನ ಕೆಳಗೆ ಕೂತಿದ್ದರು. ವಾರ್ಡ್ ಮೆಂಬರ್ ವಿಲಾಸಿನಿ ಗೋಡೆಗೆ ಒರಗಿ ನಿಂತಿದ್ದಳು. ಅವಳೂ ಆಶಾಟ್ಟಿಯ ಮರಳಲ್ಲಿ ಕೂತವಳೇ. ಮೇಜಿನ ಆಚೆ ಸೆಕ್ರೆಟರಿ, ತೆಂಕಣ ಜಿಲ್ಲೆಯಿಂದ ಹೊಸದಾಗಿ ಬಂದ ನಲವತ್ತರ ಗಂಡಸು.

"ಮಕ್ಕಳನ್ನ ಮರಳು ಸೇರಿಸಿ ಚಿವುಟ್ತೀರಂತೆ?"

"ಚಿವುಟ್ತಿದ್ದೆ ಸಾರ್. ಈ ಮೆಂಬರಮ್ಮನ್ನೂ ಚಿವುಟಿದ್ದೀನಿ. ಈಗ ಬಿಟ್ಟಿದ್ದೀನಿ. ಸೊಸೆ ಬಿಡಿಸಿದ್ಲು."

ವಿಲಾಸಿನಿ ತನಗೆ ಗೊತ್ತಿಲ್ಲದೆಯೇ ತೊಡೆ ಸವರಿಕೊಂಡಳು. ಸೆಕ್ರೆಟರಿ ಅದನ್ನು ಬರೆದುಕೊಂಡರು.

"ಅದು ಸರಿ. ಈಗ ಬರೆಯೋ ವಿಷಯ."

ಜೋಸ್ಮಿ ತಟ್ಟನೆ ಡಬ್ಬಿಯ ಮುಚ್ಚಳ ತೆಗೆದಳು. "ಸಾರ್, ಮರಳು ತಂದಿದ್ದೀವಿ. ಇಲ್ಲೇ ಸುರಿದು..."

"ಏಯ್, ಫೈಲುಗಳ ಮೇಲೆ ಮರಳು ಸುರಿಯಬೇಡಿ! ದೂರು ಇರೋದು ಕಾಗದದ್ದು. ಕಾಗದದ ಮೇಲೇ ಬರೀಬೇಕು." ಅವರು ಒಂದು ಬಿಳಿ ಹಾಳೆ, ಒಂದು ನೀಲಿ ಪೆನ್ನು ಆಶಾಟ್ಟಿಯ ಮುಂದೆ ಇಟ್ಟರು. "ಹೆಸರು, ಮಾಡೋ ಕೆಲಸ. ಅಷ್ಟು ಸಾಕು."

ಜೋಸ್ಮಿ ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. ಮೆರ್ಲಿನ್ ಮೇಡಂ ಕಾಲ ಮೇಲೆ ಕಾಲು ಹಾಕಿದರು.

ಆಶಾಟ್ಟಿ ಹಾಳೆಯನ್ನು ನೋಡಿದಳು. ಮೇಜಿನ ಆಚೆ ಕೂತಿದ್ದ ಸೆಕ್ರೆಟರಿಯನ್ನು ನೋಡಿದಳು, ಮೊದಲ ದಿನ ಬಂದು ಕೂತ ಮಗುವನ್ನು ನೋಡುವ ಹಾಗೆ. ಹಾಳೆಯನ್ನು ಎರಡೂ ಕೈಯಿಂದ ಅವರ ಕಡೆಗೆ ಸರಿಸಿದಳು. ಅಂಗೈಯಿಂದ ಒಮ್ಮೆ ನೇವರಿಸಿದಳು. ಅವಳ ಮಟ್ಟಿಗೆ ಮರಳಿಗೂ ಕಾಗದಕ್ಕೂ ಆಗ ಭೇದ ಉಳಿದಿರಲಿಲ್ಲವೆಂದು ಜೋಸ್ಮಿಗೆ ಕಂಡಿತು. ಪೆನ್ನನ್ನು ತೋರುಬೆರಳಿಗೆ ಒತ್ತಿ ಹಿಡಿದು, ಮೇಜಿನ ಮೇಲೆ ಮುಂದಕ್ಕೆ ಬಗ್ಗಿ, ಸೆಕ್ರೆಟರಿಯ ಎದೆಯ ಮುಂದೆ ಬರೆಯತೊಡಗಿದಳು.

ಫ್ಯಾನು ಕಿರುಗುಟ್ಟುತ್ತಿತ್ತು. ಮೆರ್ಲಿನ್ ಮೇಡಂ ಕಾಲು ಇಳಿಸಿ ಕುತ್ತಿಗೆ ಉದ್ದ ಮಾಡಿದರು. ಆಶಾಟ್ಟಿ ಎರಡು ಸಾಲು ಬರೆದು, ಪೆನ್ನಿನ ಮುಚ್ಚಳ ಹಾಕಿ ಇಟ್ಟಳು.

ಸೆಕ್ರೆಟರಿ ಅಭ್ಯಾಸಬಲದಿಂದ ಹಾಳೆಯನ್ನು ತಿರುಗಿಸಿಕೊಳ್ಳಲು ಕೈ ಚಾಚಿದರು. ಕೈ ಅಲ್ಲೇ ನಿಂತಿತು. ತಿರುಗಿಸಬೇಕಾಗಿರಲಿಲ್ಲ. ಅಕ್ಷರಗಳು ಅವರ ಕಡೆಗೇ ಮುಖ ಮಾಡಿ, ಗೆರೆ ಇಲ್ಲದ ಹಾಳೆಯ ಮೇಲೆ ದಾರ ಹಿಡಿದಷ್ಟು ನೆಟ್ಟಗೆ ಕೂತಿದ್ದವು. ಅವರು ಗಟ್ಟಿಯಾಗಿ ಓದಿದರು.

"'ಮರ್ಗಲೀತ್ತ, ಪೈಲಿ ಆಶಾನ್ ಮಗಳು. ನಾಳೆ ಬೆಳಿಗ್ಗೆ ಏಳು ಗಂಟೆಗೆ ಕಳರಿ ಇದೆ.'"

ಓದಿ ಮುಗಿಸಿ ತಲೆ ಎತ್ತಿದರು. "ಅಲ್ಲಾ ಅಮ್ಮಚ್ಚಿ, ಇದನ್ನ ನೀವು ನಿಮ್ಮ ಕಡೆ ಇಟ್ಕೊಂಡು ಬರೀಬಹುದಿತ್ತಲ್ವಾ? ಹೀಗ್ಯಾಕೆ?"

ಆಶಾಟ್ಟಿ ಆಗಲೇ ಎದ್ದು ಸೊಸೆಯ ಕೈಯಿಂದ ಮರಳಿನ ಡಬ್ಬಿ ತೆಗೆದುಕೊಂಡಿದ್ದಳು.

"ಓದಬೇಕಾದವರು ನೀವಲ್ವಾ ಸಾರ್?"